ಕಾಜಾ ಅಕ್ಕನ ಒಂದೂವರೆ ನಿಮಿಷ

ಅಂಗಿಯ ಗುಂಡಿ ತೂರಿಸುವ ಕಾಜಾವನ್ನು ಕೈಯಲ್ಲೇ ಹೊಲಿಯುವವರು ಆ ಬೀದಿಯಲ್ಲಿ ಉಳಿದದ್ದು ಅವಳೊಬ್ಬಳೇ. ಹೆತ್ತವರಿಟ್ಟ ಹೆಸರು ಸವೆದುಹೋಗಿ ಎಲ್ಲರ ಬಾಯಲ್ಲೂ ಕಾಜಾ ಅಕ್ಕ ಆಗಿದ್ದಳು. ಹನ್ನೊಂದು ವರ್ಷದಿಂದ ಅದೇ ದರ್ಜಿ ಅಂಗಡಿ, ಅದೇ ಮೂಲೆ, ಗೋಡೆಗೆ ಮುಖ. ಸಂಜೆ ಬೀಗ ತೆಗೆದರೆ ಒಂಟಿ ಕೋಣೆ. ಅಲ್ಲೂ ಕುರ್ಚಿ ಗೋಡೆಯ ಕಡೆಗೇ.

ಆರು ತಿಂಗಳಿಂದ ಏನೋ ಎಡವಟ್ಟು. ಹೊಟ್ಟೆಯೊಳಗಿಂದ ಏನೋ ಮೇಲೇರಿದಂತೆ, ಎಲ್ಲೋ ರಬ್ಬರ್ ಸುಟ್ಟ ವಾಸನೆ. ಆಮೇಲೆ ನೋಡಿದರೆ ಸೂಜಿ ಎಲ್ಲೋ, ದಾರ ಎಲ್ಲೋ.

"ಯಾವ ಲೋಕ ಸುತ್ತಿ ಬಂದ್ರಿ ಅಕ್ಕಾ?" ಎಂದು ಕಟಿಂಗ್ ಮಾಸ್ಟರ್ ಕಾಲೆಳೆಯುತ್ತಿದ್ದ.

ಒಂದು ದಿನ ಗಿರಾಕಿಯ ಅಂಗಿಯನ್ನು ತನ್ನ ಮಡಿಲ ಬಟ್ಟೆಗೇ ಸೇರಿಸಿ ಹೊಲಿದುಬಿಟ್ಟಳು. ಎದ್ದರೆ ಅಂಗಿಯೂ ಜೊತೆಗೇ ಎದ್ದಿತು. ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ಟರ್ ಮಾತ್ರ ನಗಲಿಲ್ಲ. "ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ. ಅಲ್ಲೀವರೆಗೆ ಸೂಜಿ ಮುಟ್ಬೇಡಿ."

ಸೂಜಿ ಹೋದರೆ ಉಳಿಯುವುದೇನು? ಅವಳನ್ನು ಮಾತಾಡಿಸುವ ಜನ ಇದ್ದದ್ದೇ ಆ ಅಂಗಡಿಯಲ್ಲಿ.

"ಮೂರ್ಛೆ ಇರಬಹುದು" ಎಂದರು ಡಾಕ್ಟರು. ಅಕ್ಕನಿಗೆ ಮೈ ಉರಿದುಹೋಯಿತು. "ನಾನು ಬಿದ್ದು ಒದ್ದಾಡಿದ್ದೀನಾ? ಬಾಯಲ್ಲಿ ನೊರೆ ಬಂದಿದೆಯಾ?"

"ಎಲ್ಲಾ ಮೂರ್ಛೇಲೂ ಬೀಳಲ್ಲಮ್ಮ. ಕೆಲವರು ಕೂತಲ್ಲೇ ಕಳೆದುಹೋಗ್ತಾರೆ, ಕೆಲವರಿಗೆ ಒಂದು ಕೈ ಮಾತ್ರ ಅದುರುತ್ತೆ. ನಿಮ್ಮದು ಯಾವುದು ಅಂತ ಹೇಳೋಕೆ ಕಣ್ಣಾರೆ ನೋಡಿದವರು ಬೇಕು. ಮನೇಲಿ ಯಾರಿದ್ದಾರೆ?"

"ನಾನು. ಗೋಡೆ ಮೇಲೊಂದು ಹಲ್ಲಿ."

ಮರುದಿನ ಅಳುಕುತ್ತಲೇ ಮಾಸ್ಟರಿಗೆ ವಿಷಯ ಹೇಳಿದಳು. ಅವನು ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಡಾಕ್ಟರ ಬಳಿಗೆ ಜೊತೆಗೆ ಹೊರಟ.

"ಗೋಡೆಗೆ ಮುಖ ಮಾಡಿ ಕೂತ್ರೂ ಅಂಗಡಿಯ ನಿಲುಗನ್ನಡೀಲಿ ಇವರು ಕಾಣ್ತಾರೆ, ಡಾಕ್ಟ್ರೇ. ಮೊದಲು ಹೊಟ್ಟೆ ಮೇಲೆ ಕೈ ಇಡ್ತಾರೆ. ಕಣ್ಣು ನೆಟ್ಟುಬಿಡುತ್ತೆ. ಬಾಯಿ ಚಪ್ಪರಿಸ್ತಾರೆ, ಎಡಗೈ ಬಟ್ಟೆ ಹಿಡಿದು ಜಗ್ತಾ ಇರುತ್ತೆ. ಒಂದೂವರೆ ನಿಮಿಷ. ಆಮೇಲೆ ಕೈಲೇ ಇರೋ ದಾರ ಎಲ್ಲಿ ಅಂತ ಕೇಳ್ತಾರೆ."

ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಮತ್ತೆ ದಿನಾ ಚುಡಾಯಿಸ್ತಿದ್ದೆಯಲ್ಲೋ?"

"ಕೇಳಿಸುತ್ತಾ ಅಂತ ನೋಡೋಕೆ, ಅಕ್ಕಾ. ಕಣ್ಣು ನೆಟ್ಟಾಗ್ಲೂ ಅದನ್ನೇ ಕೇಳ್ತಿದ್ದೆ, ಆಗ ನಿಮಗೆ ಕೇಳಿಸ್ತಿರಲಿಲ್ಲ."

ಮಿದುಳಿನ ಒಂದು ಮೂಲೆಯಲ್ಲಿ ಹುಟ್ಟುವ ಸೆಳವು ಎಂದರು ಡಾಕ್ಟರು. ಪರೀಕ್ಷೆ ಬರೆದರು, ಮಾತ್ರೆ ಕೊಟ್ಟರು. ಇಸ್ತ್ರಿ, ಮಿಷನ್ನು ಮುಟ್ಟಬಾರದು. ಕೈಸೂಜಿ ಪರವಾಗಿಲ್ಲ, ಹತ್ತಿರ ಯಾರಾದರೂ ಇದ್ದರೆ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವಳ ಸ್ಟೂಲು ಕಟಿಂಗ್ ಮೇಜಿನ ಕಡೆಗೆ ತಿರುಗಿತ್ತು. ಸಂಜೆ ಕೋಣೆಗೆ ಬಂದು ತನ್ನ ಕುರ್ಚಿಯನ್ನೂ ತಿರುಗಿಸಿ ಕೂತಳು. ಎದುರಿಗೆ ಮುಚ್ಚಿದ ಬಾಗಿಲು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಎದ್ದು ಹೋಗಿ ಚಿಲಕ ತೆಗೆದಳು.