ತೋಟದಲ್ಲಿ ತೂಗುಮಂಚ

ಶೆಟ್ಟಿಕೆರೆ ಬಳಿಯ ನಮ್ಮ ತೋಟದಲ್ಲಿ ಒಂದು ರಾತ್ರಿ ಬಯಲಲ್ಲೇ ಮಲಗಬೇಕೆಂದು ಬಟ್ಟೆಯ ತೂಗುಮಂಚವೊಂದನ್ನು ಕೊಂಡು ತಂದೆ. ಸಂಜೆ ಅದನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟುತ್ತಿದ್ದಾಗ, ಜೊತೆಗೆ ಬಂದಿದ್ದ ನಮ್ಮತ್ತೆ ಗೊನೆಗಳತ್ತ ನೋಡಿದರು.

"ತಲೆ ಮ್ಯಾಲೆ ಕಾಯಿ ಬಿದ್ರೆ ಏನ್ ಮಾಡ್ತೀಯೇ? ಆ ಮಾವಿನ ಮರಗಳಿಗೆ ಕಟ್ಟು."

ಅಲ್ಲಿ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿ ಕೂತೆ. ಮಂಚ ಮಗುಚಿ ತರಗೆಲೆಗಳ ಮೇಲೆ ಬಿದ್ದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಮಗೀನ ಜೋಲಿ ಹಂಗೆ ಸಡ್ಲ ಬುಡು ಕಣೇ."

ಸಡಿಲ ಬಿಟ್ಟು ಮಲಗಿದರೆ ಹಾಯೆನಿಸಿತು.

"ಇಳಿಯೇ, ನಾನೂ ಒಂದ್ಸಲ ನೋಡ್ತೀನಿ" ಎಂದು ಹತ್ತಿದ ಅತ್ತೆ, ಕಂಬಳಿ ಹೊದ್ದು ನಿದ್ದೆ ಹೋಗಿಯೇಬಿಟ್ಟರು. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡೆ. ಬೆಳಿಗ್ಗೆ ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಇಂಥದ್ದು ಇನ್ನೊಂದು ಎಲ್ಲಿ ಸಿಗ್ತದೆ?"