ಎರಡು ಬ್ರೇಕಿನ ಕಾರಿನಲ್ಲಿ ಕಿತ್ತೂರಿಗೆ

ರಾಮದುರ್ಗ ಬಿಡುವಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಡಿಸೆಂಬರಿನ ಚಳಿ, ಬೀದಿಯ ಚಹಾದಂಗಡಿಯವನು ಮಫ್ಲರ್ ಸುತ್ತಿಕೊಂಡೇ ಸ್ಟೋವು ಹೊತ್ತಿಸುತ್ತಿದ್ದ. ಸ್ಟೀರಿಂಗ್ ಹಿಡಿದವಳು ನನ್ನ ಮಗಳು ವಿದ್ಯಾ, ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ರೊಟ್ಟಿಯ ಗಂಟು. ಮೂರನೆಯವರಿಗೆ ಜಾಗವಿಲ್ಲ, ಆ ಕಾರಿಗೆ ಇರುವುದೇ ಎರಡು ಸೀಟು. ಬಾಗಿಲಲ್ಲಿ ನಿಂತ ನನ್ನ ಹೆಂಡತಿ, "ನಿಮ್ಮಪ್ಪ ಕುಂತರ ಗಾಡಿಗೆ ಎರಡ ಬ್ರೇಕ್ ಆಕ್ಕಾವು, ನೆಪ್ಪ ಇಟ್ಕೋ" ಎಂದು ಮಗಳಿಗೆ ಹೇಳಿ ನಕ್ಕಳು. ಇದು ನಮ್ಮ ಮನೆಯ ಹಳೆಯ ಚೇಷ್ಟೆ. ಯಾರು ಗಾಡಿ ಹೊಡೆದರೂ ಪಕ್ಕದಲ್ಲಿ ಕೂತ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಒತ್ತಿದರೆ ಯಾರ ಗಂಟು ಹೋಯಿತು ಎಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಕಾರಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು, ಗೋವಾದವರೊಬ್ಬರು ಓಡಿಸಿ ಮಾರಿದ್ದು. ಅರ್ಧ ದುಡ್ಡು ವಿದ್ಯಾಳದು. ಅವಳು ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಎಂಜಿನಿಯರ್. ಇನ್ನರ್ಧ ನನ್ನದು, ಅಂದರೆ ನನ್ನ ಪಂಪ್‌ಸೆಟ್ ಅಂಗಡಿಯದು. ಬರುವ ಭಾನುವಾರ ಕೊಲ್ಲಾಪುರದ ಕಡೆ ಒಂದು ಓಟವಿತ್ತು. ಒಮ್ಮೆಗೆ ಒಂದೇ ಕಾರು ಟ್ರ್ಯಾಕಿಗಿಳಿದು ಗಡಿಯಾರದ ಎದುರು ಓಡುವ ಪಂದ್ಯ. ವಿದ್ಯಾ ನನ್ನನ್ನು ಕೇಳದೆ ಹೆಸರು ಕೊಟ್ಟಿದ್ದಳು. ಆದರೆ ಕಾರಿಗೊಂದು ರೋಗ ಅಂಟಿಕೊಂಡಿತ್ತು. ಜೋರಾಗಿ ಏರುತ್ತ ಹೋಗಿ, ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಐದು ಸಾವಿರದ ಹತ್ತಿರ ಬಂದಾಗ ಒಂದು ಗಳಿಗೆ ತಡವರಿಸುತ್ತಿತ್ತು. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತಿತ್ತು. ಒಂದೊಂದು ಸೆಕೆಂಡಿಗೂ ಬೆಲೆಯಿರುವ ಪಂದ್ಯದಲ್ಲಿ ಇಂಥ ಕಾರನ್ನು ಇಳಿಸುವ ಹಾಗಿರಲಿಲ್ಲ.

ಇದನ್ನು ಸರಿಪಡಿಸಲು ಅವಳು ಕೈಯಲ್ಲಿ ಹಿಡಿಯುವ ಟ್ಯೂನರ್ ತರಿಸಿಕೊಂಡಿದ್ದಳು. ದಪ್ಪ ಮೊಬೈಲಿನಂಥ ಪೆಟ್ಟಿಗೆ. ಅದರ ವೈರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಕಿಡಿ ಎಂಬ ಲೆಕ್ಕವನ್ನೇ ಬದಲಿಸಬಹುದು. ಈ ಲೆಕ್ಕಕ್ಕೆ ಆ ಕೆಲಸದವರು ಮ್ಯಾಪ್ ಎನ್ನುತ್ತಾರೆ. ಅವಳು ಮ್ಯಾಪ್ ಬದಲಿಸುವುದು, ನಾವಿಬ್ಬರೂ ರಸ್ತೆಗೆ ಹೋಗಿ ನೋಡುವುದು, ಕಾರು ಮತ್ತೆ ಅಲ್ಲೇ ತಡವರಿಸುವುದು, ಹೀಗೆ ಐದು ಸಲ ನಡೆದಿತ್ತು. ನನಗೆ ಆ ಪೆಟ್ಟಿಗೆಯ ಮೇಲೆ ನಂಬಿಕೆಯೇ ಇರಲಿಲ್ಲ. ಅಂಗಡಿಯಲ್ಲಿ ಪಂಪನ್ನು ಟಾಕಿಗೆ ಕೂಡಿಸಿ ನೀರೆತ್ತಿಸಿ ನೋಡದೆ ನಾನು ಯಾವ ರೈತನಿಗೂ ಕೊಟ್ಟವನಲ್ಲ. ಕಿತ್ತೂರಿನ ಹತ್ತಿರ ಡೈನೋ ಇರುವ ಗ್ಯಾರೇಜು ಆಗಿದೆಯೆಂದು ಕೇಳಿ ನಾನೇ ಹೊರಡಿಸಿದ್ದೆ. ಡೈನೋ ಅಂದರೆ ನೆಲದಲ್ಲಿ ಕೂಡಿಸಿದ ರೋಲರು. ಕಾರನ್ನು ಅದರ ಮೇಲೆ ನಿಲ್ಲಿಸಿ, ಪಟ್ಟಿಯಿಂದ ಬಿಗಿದು, ನಿಂತಲ್ಲೇ ಓಡಿಸಿ ತಾಕತ್ತು ಅಳೆಯುತ್ತಾರೆ. ಅಲ್ಲಿಯೂ ರೋಗ ಸಿಗದಿದ್ದರೆ ಭಾನುವಾರದ ಓಟ ಬಿಡಬೇಕು, ಸಿಕ್ಕು ಸರಿಹೋದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂದು ನಮ್ಮಲ್ಲಿ ಮಾತಾಗಿತ್ತು. ನಿಜ ಹೇಳಬೇಕೆಂದರೆ, ಸರಿಹೋಗಲಿ ಎಂದೂ ಮನಸ್ಸಿನಲ್ಲಿತ್ತು, ಹೋಗದಿದ್ದರೆ ಚಲೋ ಎಂದೂ ಇತ್ತು.

ಮುನವಳ್ಳಿಯ ತನಕ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆ ಎರಡೆರಡು ಟ್ರೇಲರು, ಅದರ ಮೇಲೆ ಆಚೀಚೆ ಚಾಚಿದ ಕಬ್ಬು, ಡ್ರೈವರನ ತಲೆಯ ಹಿಂದೆ ಕಿವಿ ಹರಿಯುವಷ್ಟು ಹಾಡು. ಊರು ಬಂದಾಗೆಲ್ಲ ವೇಗ ತಡೆಯುವ ಹಂಪು. ನೆಲಕ್ಕೆ ಹತ್ತಿದಂತಿರುವ ಆ ಕಾರನ್ನು ಪ್ರತಿ ಹಂಪಿಗೂ ಓರೆ ಮಾಡಿ, ಉಸಿರು ಬಿಗಿಹಿಡಿದು ದಾಟಿಸಬೇಕಿತ್ತು. ನಾನು ಸೀಟಿನಲ್ಲಿ ಸರಿದಾಡುತ್ತಲೇ ಇದ್ದೆ. ಕಿಟಕಿ ಇಳಿಸಿದೆ, ಚಳಿಯಾಯಿತೆಂದು ಏರಿಸಿದೆ. ಗಂಟನ್ನು ಕಾಲ ಬಳಿ ಇಟ್ಟೆ, ಮತ್ತೆ ಎತ್ತಿಕೊಂಡೆ.

"ಅಪ್ಪಾ, ಒಂದ ಕಡೆ ಕುಂದರ್ರಿ" ಎಂದಳು ವಿದ್ಯಾ.

"ಕುಂತೇನಲ್ಲವಾ."

"ಕುಂತಿಲ್ಲ, ಕುದ್ಯಾಕತ್ತೀರಿ."

ಸವದತ್ತಿಗೆ ಇನ್ನಷ್ಟು ದೂರವಿರುವಾಗ ರಸ್ತೆ ನೇರವಾಗಿ ಖಾಲಿ ಸಿಕ್ಕಿತು. ಎರಡೂ ಬದಿ ಕಡಲೆ ಹೊಲ, ಎದುರಿಗೆ ಯಾರೂ ಇಲ್ಲ. ಒಂದು ಸಲ ನೋಡುತ್ತೇನೆಂದು ಅವಳು ಎರಡನೇ ಗೇರಿಗೆ ಹಾಕಿ ಒತ್ತಿದಳು. ಕಾರಿನ ದನಿ ಏರಿತು, ಇನ್ನೂ ಏರಿತು, ಬೆನ್ನು ಸೀಟಿಗೆ ಅಂಟಿತು. ಅಷ್ಟರಲ್ಲಿ ಅದೇ ಜಾಗದಲ್ಲಿ ತಡವರಿಕೆ. ವಿದ್ಯಾ ಸ್ಟೀರಿಂಗನ್ನು ಅಂಗೈಯಿಂದ ಬಡಿದಳು. "ನೋಡವಾ, ಪೆಟ್ಟಗಿ ಆಟ ಇಷ್ಟ" ಎಂದೆ. ಅವಳು ಮೂರನೇ ಗೇರಿಗೆ ಹಾಕಿದಳು.

ಸವದತ್ತಿಯಲ್ಲಿ ಇಡ್ಲಿ ತಿಂದು ಚಹಾ ಕುಡಿದೆವು. ಕಾರಿನ ಸುತ್ತ ಜನ ನೆರೆದರು. ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದು ಒಳಗೆ ಬಗ್ಗಿ ನೋಡಿ, "ಎರಡ ಮಂದಿಗೆ ಇಷ್ಟ ದೊಡ್ಡ ಎಂಜಿನ್ ಯಾಕ್ರಿ?" ಎಂದು ಕೇಳಿದರು. ನಾನು ಎಷ್ಟೋ ತಿಂಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಯದು. ವಿದ್ಯಾ ನಗುತ್ತ, "ಮೂರನೇದವ್ರು ಹತ್ತಬಾರ್ದಂತ್ರೀ ಕಾಕಾ" ಎಂದು ಅವರನ್ನೂ ನಗಿಸಿದಳು.

ಬೈಲಹೊಂಗಲದಲ್ಲಿ ಮಾರುಕಟ್ಟೆಗೆ ಹೊರಟ ಗಾಡಿಗಳ ನಡುವೆ ಸಿಕ್ಕಿಬಿದ್ದೆವು. ಕಾಲೇಜಿನ ಹುಡುಗರು ಬೈಕಿನ ಮೇಲೆ ಬೆನ್ನುಹತ್ತಿ ಫೋಟೋ ಹೊಡೆದುಕೊಂಡರು. ಬಿಸಿಲು ಚುರುಕಾಗಿತ್ತು, ಎಂಜಿನ್ನಿನ ಕಾವು ನನ್ನ ಕಾಲಿಗೆ ಹತ್ತುತ್ತಿತ್ತು. ಇಳಿದು ನಡೆದು ಹೋದರೇ ಬೇಗ ಮುಟ್ಟುತ್ತೇನೆ ಅನಿಸಿತು. ಅಲ್ಲಿಂದ ಕಿತ್ತೂರು ದೂರವೇನಿಲ್ಲ, ಆದರೆ ನಾನು ಪ್ರತಿ ಮೈಲಿಗಲ್ಲನ್ನೂ ಓದಿದೆ.

ಗ್ಯಾರೇಜು ಹೆದ್ದಾರಿಯಿಂದ ತುಸು ಒಳಗೆ, ಕಿತ್ತೂರಿನಿಂದ ಎಂ.ಕೆ. ಹುಬ್ಬಳ್ಳಿಯ ಕಡೆಗೆ ಹೋಗುವಾಗ. ನಡೆಸುವವನು ಅಜಿತ, ನಿಪ್ಪಾಣಿಯ ಕಡೆಯವನು. ಮೂವತ್ತು ದಾಟಿರಲಾರದು, ಬಾಯಿ ಮಾತ್ರ ಎಂಜಿನ್ನಿಗಿಂತ ಜೋರು. ವಿದ್ಯಾಳ ಪೆಟ್ಟಿಗೆ ನೋಡಿದ್ದೇ, "ಅರೆ, ಇದರಾಗ ಬರೋ ಮ್ಯಾಪ್ ರೆಡಿಮೇಡ್ ಅಂಗಿ ಇದ್ದಂಗರಿ. ಆಕ್ಕೇತಿ, ಬರೋಬ್ಬರಿ ಆಗೂದಿಲ್ಲ" ಎಂದ.

"ನಾ ಹೊಲಿದ ಹಾಕ್ಕೊಂಡೇನ್ರಿ, ಹಂಗ ಬಿಟ್ಟಿಲ್ಲ" ಎಂದು ವಿದ್ಯಾ ಅಲ್ಲೇ ತಿರುಗಿಸಿ ಕೊಟ್ಟಳು. "ನಿಮ್ಮ ರೋಲರ್ ಮ್ಯಾಲ ಎದುರುಗಾಳಿ ಐತೇನು? ಏರು ಐತೇನು? ಗಾಡಿ ಓಡೂದು ರಸ್ತಾದ ಮ್ಯಾಲ."

ಕಾರನ್ನು ರೋಲರಿಗೇರಿಸಿ ನಾಲ್ಕೂ ಕಡೆ ಪಟ್ಟಿ ಬಿಗಿದರು. ಮುಂದೆ ಆಳೆತ್ತರದ ಫ್ಯಾನು. ವಿದ್ಯಾ ಒಬ್ಬಳೇ ಒಳಗೆ ಕೂತಳು. ನನ್ನನ್ನು ಗಾಜಿನ ಆಚೆ ನಿಲ್ಲಿಸಿದರು. ಒತ್ತಿದಳು. ತಗಡಿನ ಛಾವಣಿ ನಡುಗಿತು. ಐದು ಸಾವಿರ ಬಂತು, ಹೋಯಿತು. ತಡವರಿಕೆಯಿಲ್ಲ. ಮತ್ತೊಮ್ಮೆ, ಮಗದೊಮ್ಮೆ ಓಡಿಸಿದರು. ಪರದೆಯ ಮೇಲೆ ಗೆರೆ ಎಲ್ಲೂ ಮುರಿಯದೆ ಮೇಲೇರಿತು. ಅಜಿತನಿಗೆ ಸಿಕ್ಕದ್ದು ಬೇರೆಯೇ ತಪ್ಪು: ಆ ಮ್ಯಾಪು ಮೇಲುತರದ ಪೆಟ್ರೋಲಿಗೆ ಬರೆದದ್ದು, ನಾವು ಹಾಕುತ್ತಿದ್ದುದು ರಾಮದುರ್ಗದ ಸಾದಾ ಪೆಟ್ರೋಲು. ಕಿಡಿ ಕೊಂಚ ಮೊದಲೇ ಹಾರಿ ಒಳಗೆ ಸಣ್ಣಗೆ ಟಕಟಕ ಬಡಿಯುತ್ತಿತ್ತು. ಹೀಗೇ ಬಿಟ್ಟಿದ್ದರೆ ಒಂದು ದಿನ ಪಿಸ್ಟನ್ ಒಡೆಯುತ್ತಿತ್ತು ಎಂದ. ನಾನು ವಿದ್ಯಾಳ ಕಡೆ ನೋಡಿದೆ. ಅವಳು ತಪ್ಪು ಒಪ್ಪಿಕೊಂಡಳು. ಆದರೆ ಅದೇ ಪೆಟ್ರೋಲಿನಲ್ಲಿ ರೋಲರಿನ ಮೇಲೆ ಕಾರು ತಡವರಿಸಿರಲಿಲ್ಲ, ಹಾಗಾಗಿ ತಡವರಿಕೆಗೆ ಅದು ಕಾರಣವಲ್ಲ ಎಂಬುದು ಅಜಿತನಿಗೂ ಅವಳಿಗೂ ಗೊತ್ತಿತ್ತು.

ಅವರು ಕಿಡಿಯ ಲೆಕ್ಕ ತಿದ್ದುತ್ತ ಕೂತಾಗ ನನಗೆ ನಿಲ್ಲಲಾಗಲಿಲ್ಲ. ಆಟೋ ಹಿಡಿದು ಕಿತ್ತೂರಿನ ಕೋಟೆಗೆ ಹೋದೆ. ಶಾಲೆಯ ಮಕ್ಕಳು ಬಂದಿದ್ದರು, ಬಿದ್ದ ಗೋಡೆಗಳ ನಡುವೆ ಓಡಾಡುತ್ತಿದ್ದರು. ಮೇಷ್ಟ್ರೊಬ್ಬರು "ಓಡಬ್ಯಾಡ್ರಿ, ಬೀಳತೀರಿ" ಎಂದು ಕೂಗುತ್ತಿದ್ದರು. ಒಬ್ಬರೂ ಕೇಳಲಿಲ್ಲ, ಒಬ್ಬರೂ ಬೀಳಲಿಲ್ಲ. ನಾನು ಕೋಟೆಗಿಂತ ಹೆಚ್ಚು ಗಡಿಯಾರ ನೋಡಿದೆ. ಅರ್ಧ ಸುತ್ತು ಹಾಕಿ, ಕಾಯುತ್ತಿದ್ದ ಅದೇ ಆಟೋದಲ್ಲಿ ವಾಪಸಾದೆ.

ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಮೂವರೂ ಊಟ ಮಾಡಿದ ಮೇಲೆ ರಸ್ತೆಯ ಮೇಲೆ ನೋಡುವುದೆಂದಾಯಿತು. ಗ್ಯಾರೇಜಿನ ಹಿಂದೆ ಯಾರೋ ಪ್ಲಾಟು ಮಾರಲು ಹಾಕಿಸಿದ ಡಾಂಬರು ರಸ್ತೆ, ಉದ್ದಕ್ಕೂ ಖಾಲಿ. ಪೆಟ್ಟಿಗೆ ಈವರೆಗೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟ ಎಷ್ಟು ತೆರೆದಿದೆ ಎಂದಷ್ಟೇ ನೋಡುತ್ತಿತ್ತು. ತಡವರಿಸುವ ಗಳಿಗೆಯಲ್ಲಿ ಆ ಕವಾಟವನ್ನು ಕಾರಿನ ಕಂಪ್ಯೂಟರೇ ಮುಚ್ಚುತ್ತಿದೆ ಎಂದು ವಿದ್ಯಾ ನಂಬಿದ್ದಳು. ಅಜಿತ ತನ್ನ ಲ್ಯಾಪ್‌ಟಾಪಿನಲ್ಲಿ ಕಾಲಿನಿಂದ ಒತ್ತುವ ಆಕ್ಸಿಲರೇಟರ್ ಪೆಡಲಿನ ಗೆರೆಯನ್ನೂ ಸೇರಿಸಿ, ಅದನ್ನು ನನ್ನ ತೊಡೆಯ ಮೇಲಿಟ್ಟ. ಎರಡು ಸಲ ಹೋಗಿ ಬಂದೆವು. ಎರಡು ಸಲವೂ ಅದೇ ಜಾಗದಲ್ಲಿ ತಡವರಿಸಿತು.

ಅಜಿತ ಗೆರೆಗಳನ್ನು ದೊಡ್ಡದು ಮಾಡಿ ನೋಡಿದ. "ಮ್ಯಾಡಮ್, ಮೊದಲ ಪೆಡಲ್ ಗೆರಿ ಇಳೀತೈತಿ, ಆಮ್ಯಾಲ ಕವಾಟ ಮುಚ್ಚತೈತಿ. ನೀವು ಕಾಲ ಎತ್ತಾಕತ್ತೀರಿ."

"ನಾ? ಸಾಧ್ಯನ ಇಲ್ಲ." ವಿದ್ಯಾಳ ಮುಖ ಕೆಂಪಾಯಿತು. "ನಾ ಪೂರಾ ಒತ್ತಿರತೇನಿ."

"ಹಂಗಾದ್ರ ಅಪ್ಪಾರನ್ನ ಇಳಿಸಿ ಹೋಗಿ ಬರ್ರಿ. ವಜ್ಜಿ ಕಡಿಮಿ ಆದ್ರ ಏನ ಆಕ್ಕೇತಿ ನೋಡೂನು."

ನಾನಿಳಿದೆ. ಲ್ಯಾಪ್‌ಟಾಪನ್ನು ನನ್ನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದರು. ಕಾರು ಹೋಯಿತು, ಬಂತು. ಗೆರೆ ಒಂದು ಕಡೆಯೂ ಮುರಿದಿರಲಿಲ್ಲ. ಒಬ್ಬ ಮನುಷ್ಯನ ಭಾರಕ್ಕೆ ಹೀಗಾಗುವುದಿಲ್ಲ ಎಂದು ಅಜಿತ ತಲೆ ಕೆರೆದುಕೊಂಡ. ವಿದ್ಯಾ ಕಾರಿನಿಂದ ಇಳಿಯದೆ ನನ್ನ ಬಲಗಾಲನ್ನೇ ನೋಡುತ್ತಿದ್ದಳು.

"ಅಪ್ಪಾ, ನೀವು 'ಸಾಕ್' ಅಂತೀರಿ."

"ಯಾವಾಗ?"

"ಮುಳ್ಳು ಅಲ್ಲಿಗೆ ಬಂದ ಕೂಡ್ಲೇ. ಕಾಲ ಒತ್ತತೀರಿ, ಸಾಕ್ ಅಂತೀರಿ. ಪ್ರತಿಸಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೂ ಈಗ ತಿಳೀತು ನೋಡ್ರಿ. ಆ ಮ್ಯಾಪ್ ನಾ ಐದ ಸಲ ತಿದ್ದೀನಿ."

ನನಗೆ ನೆನಪೇ ಇರಲಿಲ್ಲ. ಆದರೆ ಸುಳ್ಳೆನ್ನುವಂತೆಯೂ ಇರಲಿಲ್ಲ. ಅಂಗಡಿಯಲ್ಲಿ ಪಂಪಿನ ದನಿ ಒಂದು ಮಟ್ಟಕ್ಕೇರಿದಾಗ ಸ್ವಿಚ್ಚಿನ ಬಳಿ ನಿಂತವನಿಗೆ ನಾನು ಹೇಳುವುದು ಅದೇ ಮಾತು. ಕಾಲೇಜು ಮೈದಾನದಲ್ಲಿ ಇವಳು ಸೈಕಲ್ ಕಲಿಯುವಾಗ ಹಿಂದೆ ಓಡುತ್ತ ಹೇಳಿದ್ದೂ ಅದೇ. ಆಗ ಇವಳು ಪಟ್ಟನೆ ನಿಲ್ಲುತ್ತಿದ್ದಳು. ನನಗೆ ಬಹಳ ನಾಚಿಕೆಯಾಯಿತು. ಅದರ ಹಿಂದೆಯೇ, ಇಷ್ಟು ದೊಡ್ಡವಳಾದರೂ ಮಗಳ ಕಾಲು ಇನ್ನೂ ನನ್ನ ಮಾತು ಕೇಳುತ್ತದಲ್ಲ ಎಂದು ಹೆಮ್ಮೆಯೂ ಆಯಿತು. ಹೆಮ್ಮೆ ಪಟ್ಟದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಅಜಿತ ಮಾತ್ರ ಹೊಟ್ಟೆ ಹಿಡಿದು ನಕ್ಕ. "ನಮ್ಮ ಡೈನೋದಾಗ ಇದನ್ನ ತಿದ್ದಾಕ ಬರೂದಿಲ್ರಿ ಕಾಕಾ." ಬಿಲ್ಲು ಹೊಸ ಪಂಪ್‌ಸೆಟ್ಟಿನಷ್ಟಾಯಿತು. ಡೈನೋ ಬೇಕೋ ಪೆಟ್ಟಿಗೆ ಬೇಕೋ ಎಂದು ಹೊರಡುವ ಮುನ್ನ ನಾನು ಕೇಳಿದ್ದಕ್ಕೆ, "ಬುನಾದಿ ಇಲ್ಲಿ ಹಾಕ್ಕೊಂಡು ಹೋಗ್ರಿ, ಪೆಟ್ಟಗಿ ಕೈಯಾಗ ಇರ್ಲಿ, ರಸ್ತಾದಾಗ ನೋಡ್ಕೊಂತ ಇರ್ರಿ" ಎಂದ. ವಿದ್ಯಾ ಅವನ ಮ್ಯಾಪನ್ನು ಪೆಟ್ಟಿಗೆಗೆ ಇಳಿಸಿಕೊಂಡಳು.

ಮರಳುವಾಗ ಬೈಲಹೊಂಗಲದಿಂದ ಮುರಗೋಡದ ಮೇಲೆ ಹಾಯ್ದೆವು. ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಪಾದವನ್ನು ಸೀಟಿನ ಕೆಳಗೆ ಮಡಚಿಕೊಂಡೆ. ಅದೂ ಪ್ರಯೋಜನವಾಗಲಿಲ್ಲ, ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗ ನನ್ನ ಉಸಿರು ನಿಂತಿತು, ಅವಳು ಕಾಲು ಸಡಿಲಿಸಿದಳು. ಇಬ್ಬರಿಗೂ ತಿಳಿಯಿತು.

ಯರಗಟ್ಟಿಯ ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಲು ಹೇಳಿದೆ. ಹೊತ್ತು ಇಳಿಯುತ್ತಿತ್ತು, ಗೋವಿನಜೋಳದ ಚೀಲ ಹೊತ್ತ ಟೆಂಪೋಗಳು ಸಾಲಾಗಿ ನಿಂತಿದ್ದವು.

"ಚಹಾ ಕುಡೀತೀರೇನ್ರಿ?"

"ಇಲ್ಲವಾ. ನಾ ಬಸ್ಸಿನಾಗ ಬರತೇನಿ. ಇಲ್ಲಿಂದ ಮನಿಗೆ ನೀ ಒಬ್ಬಾಕೀನ ಹೋಗು."

"ಅಪ್ಪಾ, ಸಿಟ್ಟ ಬಂದೈತೇನ್ರಿ?"

"ಸಿಟ್ಟಲ್ಲ. ಭಾನುವಾರ ಅಲ್ಲಿ ನೀ ಒಬ್ಬಾಕೀನ ಇರತೀ. ನಾ ಇಲ್ಲದ ಹೊಡಿಯೂದು ರೂಢಿ ಆಗ್ಲಿ." ಇಳಿದು ಬಾಗಿಲು ಹಾಕಿದ ಮೇಲೆ, "ಭಾನುವಾರ ನಾನೂ ಬರತೇನಿ. ದೂರ ನಿಂದರತೇನಿ" ಎಂದೆ. ಅವಳು ಕಣ್ಣು ಒರೆಸಿಕೊಂಡು ಗೇರು ಹಾಕಿದಳು.

ಊರು ದಾಟುವವರೆಗೆ ಕಾರು ನಿಧಾನವಾಗಿಯೇ ಹೋಯಿತು. ಆಮೇಲೆ ಹೊಲಗಳ ಆಚೆಯಿಂದ ದನಿ ಏರತೊಡಗಿತು. ಏರಿತು, ಏರಿತು, ಆ ಜಾಗಕ್ಕೆ ಬಂತು. ನನ್ನ ಬಲಗಾಲು ನಿಲ್ದಾಣದ ಮಣ್ಣನ್ನು ಒತ್ತಿ ಹಿಡಿದಿತ್ತು. ದನಿ ಎಲ್ಲೂ ಮುರಿಯದೆ ಮೇಲೇರಿತು, ಗೇರು ಬದಲಾಯಿತು, ಮತ್ತೆ ಏರುತ್ತ ದೂರವಾಯಿತು.

ರಾಮದುರ್ಗದ ಬಸ್ಸು ತಡವಾಗಿ ಬಂತು. ಡ್ರೈವರನ ಹಿಂದಿನ ಸೀಟು ಖಾಲಿಯಿತ್ತು. ನಾನು ಯಾವಾಗಲೂ ಅಲ್ಲೇ ಕೂಡುವವನು. ಈ ಸಲ ಅದನ್ನು ದಾಟಿ ನಡೆದು, ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ.