ತಣ್ಣೀರು ಮೊದಲು ಹೊಯ್ದ ಗುರುವಾರ

ಟೊಮೆ ಅಜ್ಜಿಯನ್ನು ಇವಾವೊ ಮೊದಲು ಕಂಡದ್ದು ಒಂದು ಗುರುವಾರ. ಶಿಂಜೊ ಊರಿನ ಜನರೆಲ್ಲ ಮನೆಯ ಮಾಡು ಹತ್ತಿ ಹಿಮ ಕೆಡವುತ್ತಿದ್ದ ದಿನ. ಹಾಸಿಗೆ ಹಿಡಿದವರ ಮನೆಗೇ ತೊಟ್ಟಿ ಒಯ್ದು ಸ್ನಾನ ಮಾಡಿಸುವ ವ್ಯಾನಿನಲ್ಲಿ ಅವನಿಗೆ ಅದು ಎರಡನೆಯ ವಾರ. ಅದಕ್ಕೂ ಹಿಂದೆ ಹದಿನೆಂಟು ವರ್ಷ ಅವನು ಇಂಥದೇ ತೊಟ್ಟಿಯಲ್ಲಿ ಸತ್ತವರನ್ನು ಮೀಯಿಸುವ ಕೆಲಸದಲ್ಲಿದ್ದ. ಮಾತಿಗೆ ಮಾತು ಕೊಡುವವರ ನಡುವೆ ಇರಬೇಕೆನಿಸಿ ಅದನ್ನು ಬಿಟ್ಟಿದ್ದ.

ಅಜ್ಜಿಗೆ ತೊಂಬತ್ತೊಂದು. ಸೊಂಟ ಮುರಿದ ಮೇಲೆ ಎಂಟು ತಿಂಗಳಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡದ್ದೇ ಸ್ನಾನ. ತೊಟ್ಟಿಯ ಎರಡು ಹೋಳುಗಳನ್ನು ಚಾಪೆಯ ಮೇಲೆ ಜೋಡಿಸಿ, ವ್ಯಾನಿನ ಬಾಯ್ಲರಿನಿಂದ ಕಿಟಕಿಯೊಳಗೆ ಕೊಳವೆ ಎಳೆದದ್ದಾಯಿತು. ನರ್ಸ್ ನಾಗಿ ರಕ್ತದೊತ್ತಡ ನೋಡಿ ಒಪ್ಪಿಗೆ ಕೊಟ್ಟಳು. ಬಲೆಯ ಜೋಲಿಯಲ್ಲಿ ಮೆಲ್ಲಗೆ ನೀರಿಗಿಳಿಸಿದಾಗ ಅಜ್ಜಿ ಕಣ್ಣು ಮುಚ್ಚಿ, “ಸ್ವರ್ಗ, ಸ್ವರ್ಗ” ಎಂದಳು.

“ಇಷ್ಟು ಬೇಗ ಹೊರಡ್ಬೇಡಿ ಅಜ್ಜಿ, ಇನ್ನೂ ಸೋಪೇ ಹಚ್ಚಿಲ್ಲ,” ಎಂದಳು ನಾಗಿ.

ಕೊನೆಗೆ ಹೆಗಲ ಮೇಲೆ ಹೊಯ್ಯಲು ಒಂದು ಬಕೆಟ್ ಶುದ್ಧ ನೀರು ಬೇಕು. ಬದುಕಿರುವವರಿಗಾದರೆ ಬಿಸಿನೀರು ಮೊದಲು, ಆಮೇಲೆ ತಣ್ಣೀರು ಬೆರೆಸಿ ಹದ ಮಾಡಬೇಕು. ತಣ್ಣೀರಿಗೆ ಬಿಸಿನೀರು ಬೆರೆಸುವುದು ಸತ್ತವರಿಗೆ ಮಾತ್ರ ಎಂಬುದು ಅಲ್ಲಿಯ ಹಿರಿಯರೆಲ್ಲ ಬಲ್ಲ ರೂಢಿ. ಇವಾವೊನ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಬಕೆಟ್ ತುಂಬಿದ ಮೇಲಷ್ಟೇ ಅವನಿಗೆ ಎಚ್ಚರವಾದದ್ದು. ತಲೆಯೆತ್ತಿದರೆ ಅಜ್ಜಿಯ ಕಣ್ಣು ಬಕೆಟಿನ ಮೇಲಿತ್ತು. ಉಳಿದವರು ಯಾರೂ ನೋಡಿರಲಿಲ್ಲ. ಅವನು ನೀರು ಹೊಯ್ದುಬಿಟ್ಟ.

ಮರು ಗುರುವಾರ ಅಜ್ಜಿ ಸ್ನಾನ ಬೇಡವೆಂದಳು. ಅದರ ಮುಂದಿನ ವಾರವೂ ಬೇಡವೆಂದಳು. ಸೊಸೆ ಮಿತ್ಸುಯೊಗೆ ರೇಗಿಹೋಯಿತು.

“ಎಂಟು ತಿಂಗಳು ಸ್ನಾನ ಸ್ನಾನ ಅಂತ ನನ್ನ ಪ್ರಾಣ ತಿಂದ್ರಿ. ಈಗ ತೊಟ್ಟೀನೇ ಮನೆಗೆ ಬಂದ್ರೆ ಬೆಕ್ಕಿನ ಹಾಗೆ ಮುದುಡ್ಕೋತೀರಲ್ಲ ಅತ್ತೆ!”

ಅಜ್ಜಿಯ ಬೆನ್ನು ಕೆಂಪಾಗತೊಡಗಿತ್ತು. ಹೀಗೇ ಬಿಟ್ಟರೆ ಹುಣ್ಣಾಗುತ್ತದೆ ಎಂದು ನಾಗಿ ಚಿಂತಿಸಿದಳು. ಕಾರಣ ಬಲ್ಲವನು ಇವಾವೊ ಒಬ್ಬನೇ. ಅವನು ಕೊಳವೆ ಸುತ್ತುತ್ತ ನಿಂತಿದ್ದ. ಹೆಣ ಮೀಯಿಸಿದ ಕೈ ಎಂದು ತಿಳಿದರೆ ಎಷ್ಟು ಮನೆಯವರು ತಮ್ಮವರನ್ನು ಮುಟ್ಟಲು ಬಿಟ್ಟಾರು? ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಬರಲೇ ಇಲ್ಲ.

ಮೂರನೆಯ ವಾರ ಬಾಗಿಲು ತೆರೆದ ಮಿತ್ಸುಯೊಳ ಕಣ್ಣು ಊದಿಕೊಂಡಿತ್ತು. ಅತ್ತೆ ತಮ್ಮ ಬಟ್ಟೆಗಳನ್ನೆಲ್ಲ ಹಂಚುತ್ತಿದ್ದಾರೆ, ಮದುವೆಯ ಕಿಮೊನೊವನ್ನು ನಿನ್ನೆ ನನಗೇ ಕೊಟ್ಟುಬಿಟ್ಟರು ಎಂದಳು. ಇವಾವೊ ತೊಟ್ಟಿಯ ಹೋಳನ್ನು ಅಲ್ಲೇ ಇಳಿಸಿದ. ನೆಟ್ಟಗೆ ಒಳಹೋಗಿ, ಹಾಸಿಗೆಯ ಬಳಿ ಮಂಡಿಯೂರಿ, ಹಣೆಯನ್ನು ಚಾಪೆಗೆ ತಾಗಿಸಿದ.

“ಅಜ್ಜಿ, ಅವತ್ತು ತಣ್ಣೀರು ಮೊದಲು ಹುಯ್ದಿದ್ದು ನನ್ನ ಕೈ ಅಭ್ಯಾಸ. ನಾನು ಮೊದಲು ಸತ್ತವರಿಗೆ ಸ್ನಾನ ಮಾಡಿಸ್ತಿದ್ದೆ. ಅದು ಬಿಟ್ರೆ ಬೇರೇನೂ ಇಲ್ಲ. ಅವತ್ತೇ ಹೇಳ್ಬೇಕಾಗಿತ್ತು.”

ಅಜ್ಜಿ ದಿಂಬಿನ ಮೇಲೆ ತಲೆ ಹೊರಳಿಸಿ ಅವನನ್ನು ನೋಡಿದಳು.

“ಹಂಗಾದ್ರೆ ಡಾಕ್ಟ್ರು ನಿಮ್ಮತ್ರ ಏನೂ ಹೇಳಿಲ್ವಾ?” ಎಂದಳು ಅಜ್ಜಿ. “ನಂಗೆ ಉಳಿದಿರೋದು ನಾಲ್ಕೇ ದಿನ, ನಿಮಗೆಲ್ಲ ಗೊತ್ತು, ನಂಗೊಬ್ಬಳಿಗೆ ಮುಚ್ಚಿಟ್ಟಿದೀರಿ ಅಂದ್ಕೊಂಡಿದ್ದೆ.”

ಯಾರೂ ಏನೂ ಹೇಳಿಲ್ಲವೆಂದು ನಾಗಿ ಆಣೆಯಿಟ್ಟಳು. ಅಜ್ಜಿ ಸೊಸೆಯ ಕಡೆ ತಿರುಗಿದಳು.

“ಮಿತ್ಸುಯೊ, ಆ ಕಿಮೊನೊ ವಾಪಸ್ ಇಡು.”

ಸೊಸೆ ಅಳುತ್ತಲೇ ನಕ್ಕಳು. ಇವಾವೊಗೆ ತಲೆಯೆತ್ತಲಾಗಲಿಲ್ಲ. ಕೈ ತಪ್ಪಿದ್ದು ಒಂದು ಗಳಿಗೆಯ ಮಾತು. ಆದರೆ ಇಪ್ಪತ್ತೊಂದು ದಿನ ಆ ಮುದುಕಿ ಸಾವಿನ ಎದುರು ಒಬ್ಬಳೇ ಮಲಗಿದ್ದಳಲ್ಲ, ಅದು ಅವನು ಮುಚ್ಚಿಕೊಂಡಿದ್ದ ಬಾಯಿಯಿಂದಾದದ್ದು.

ಅಂದು ಅಜ್ಜಿ ಸ್ನಾನ ಮಾಡಿದಳು. ಅವನ ಕೆಲಸವೂ ಹೋಗಲಿಲ್ಲ. ವಿಷಯ ತಿಳಿದು ಎರಡು ಮನೆಯವರು ಮಾತ್ರ ಬೇರೆಯವರನ್ನು ಕಳಿಸಿ ಎಂದರು.

ಈಗ ಅಜ್ಜಿಗೆ ತೊಂಬತ್ತಮೂರು. ಗುರುವಾರಗಳಂದು ಅವನು ಗೊತ್ತುಮಾಡಿದ ಹೊತ್ತಿಗಿಂತ ಕಾಲು ಗಂಟೆ ಮೊದಲೇ ಅಲ್ಲಿಗೆ ಮುಟ್ಟುತ್ತಾನೆ. ನಲವತ್ತು ಡಿಗ್ರಿಗಿಂತ ಬಿಸಿ ಕೂಡದೆಂದು ನಾಗಿಯ ಕಟ್ಟಪ್ಪಣೆ. ಅಜ್ಜಿ ಪ್ರತಿ ವಾರವೂ ಇನ್ನೊಂದು ಡಿಗ್ರಿ ಕೇಳುತ್ತಾಳೆ. ಅವಳಿಗೆ ಇಲ್ಲವೆನ್ನಲು ಅವನಿಗೆ ಬಾಯಿ ಬರುವುದಿಲ್ಲ. ನಲ್ಲಿಯ ಮೇಲೆ ಕೈಯಿಟ್ಟು ನಾಗಿಯ ಮುಖ ನೋಡುತ್ತ ನಿಲ್ಲುತ್ತಾನೆ.